ಎದುರಿನವರ ಕೈ ಎಲ್ಲಿ ನಿಂತಿತು

ಫೋಟೊಗ್ರಾಫರುಗಳು ತಮ್ಮ ಚಿತ್ರ ತೋರಿಸಿ ಅಭಿಪ್ರಾಯ ಕೇಳುವ ಪೋರ್ಟ್‌ಫೋಲಿಯೊ ರಿವ್ಯೂ ಬಗ್ಗೆ ಇವತ್ತಿನ ಮಾತು. ಮೊದಲು ಅದು ನಡೆಯುವ ಕೋಣೆ ಹೇಗಿರುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಯಾರ್ಯಾರು ಹೋಗಿದ್ದೀರಿ ಅಂತ ಈಗ ಕೇಳಿದಾಗ ಕೈ ಎತ್ತಿದವರನ್ನು ನೋಡಿದರೆ ನಿಮ್ಮಲ್ಲಿ ಮುಕ್ಕಾಲು ಪಾಲು ಜನ ಇನ್ನೂ ಅದರೊಳಗೆ ಕಾಲಿಟ್ಟಿಲ್ಲ. ದೊಡ್ಡ ಹಾಲ್, ಸಾಲು ಸಾಲು ಮೇಜು. ಪ್ರತಿ ಮೇಜಿನ ಆ ಕಡೆ ಪ್ರದರ್ಶನಕ್ಕೆ ಚಿತ್ರ ಆರಿಸುವ ಒಬ್ಬ ಕ್ಯುರೇಟರೋ, ಪತ್ರಿಕೆಯ ಫೋಟೊ ಎಡಿಟರೋ, ಗ್ಯಾಲರಿ ನಡೆಸುವವರೋ, ಪ್ರಕಾಶಕರೋ ಕೂತಿರುತ್ತಾರೆ. ಈ ಕಡೆ ಒಂದು ಖಾಲಿ ಕುರ್ಚಿ, ಅದು ನಿಮ್ಮದು. ಹೊರಗೆ ಕಾರಿಡಾರಿನಲ್ಲಿ ಪೆಟ್ಟಿಗೆ ಎದೆಗವಚಿಕೊಂಡು ನಿಂತವರ ಸಾಲು. ಗಂಟೆ ಹೊಡೆಯುತ್ತದೆ, ಒಳಗೆ ಹೋಗುತ್ತೀರಿ. ಸಾಮಾನ್ಯವಾಗಿ 20 ನಿಮಿಷ. ಮುಗಿಯಲು ಎರಡು ಮೂರು ನಿಮಿಷ ಇದೆ ಅನ್ನುವಾಗ ಯಾರಾದರೂ ಬಂದು ಎಚ್ಚರಿಸುತ್ತಾರೆ. ಮತ್ತೆ ಗಂಟೆ. ಪ್ರಿಂಟುಗಳನ್ನು ಬಾಚಿಕೊಂಡು ಏಳಬೇಕು. ಇದಕ್ಕೇ ಪೋರ್ಟ್‌ಫೋಲಿಯೊ ರಿವ್ಯೂ ಅನ್ನುವುದು.

ಈ ಮೇಜಿನ ಎರಡೂ ಕಡೆ ನಾನು ಕೂತಿದ್ದೇನೆ. ಮೊದಲ ಸಲ ಹೋದಾಗ ನನ್ನ ಪೆಟ್ಟಿಗೆಯಲ್ಲಿ 46 ಪ್ರಿಂಟ್ ಇತ್ತು. ಮೊದಲನೆಯದನ್ನು ಮೇಜಿನ ಮೇಲಿಟ್ಟು ಅದರ ಹಿಂದಿನ ಕಥೆ ಶುರುಮಾಡಿದೆ. ಎಷ್ಟು ದಿನ ಕಾದೆ, ಬೆಳಕು ಯಾವಾಗ ಬಂತು, ಯಾವ ಲೆನ್ಸ್ ಹಾಕಿದೆ, ಎಲ್ಲವನ್ನೂ ಹೇಳಿದೆ. ಎದುರಿಗಿದ್ದವರು ಸಭ್ಯರು, ತಾಳ್ಮೆಯಿಂದ ಕೇಳಿಸಿಕೊಂಡರು. ಗಂಟೆ ಹೊಡೆದಾಗ ಅವರ ಕೈ ಹನ್ನೊಂದನೆಯ ಚಿತ್ರದ ಮೇಲಿತ್ತು. ಉಳಿದ 35 ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ಆಮೇಲೆ ತುಂಬ ದಿನ ಅದು ನನ್ನನ್ನು ಕಾಡಿತು. ಹೆಚ್ಚು ಕಾಡಿದ್ದು ಆ 35 ಚಿತ್ರಗಳ ಸಂಕಟ ಅಂದುಕೊಳ್ಳಬೇಡಿ. ಅವರು ನೋಡಿದ ಹನ್ನೊಂದನ್ನಾದರೂ ಹೇಗೆ ನೋಡಿದರು, ಯಾವುದರ ಮುಂದೆ ತಡೆದರು, ಯಾವುದನ್ನು ಸರ್ರನೆ ಸರಿಸಿದರು ಅನ್ನುವುದು ನನಗೆ ಒಂದಿಷ್ಟೂ ನೆನಪಿರಲಿಲ್ಲ. ನಾನು ನನ್ನ ಮಾತಿನಲ್ಲೇ ಮುಳುಗಿದ್ದೆ.

ಹಾಗಾಗಿ ಇವತ್ತು ಎಷ್ಟೇ ವಿಷಯ ಹೇಳಿದರೂ ಬುಡದಲ್ಲಿರುವುದು ಒಂದೇ ಮಾತು. ಆ ಮೇಜಿನ ಮುಂದೆ ಕೂತಾಗ ಎದುರಿನವರ ಕೈ ನೋಡಿ. ಬಾಯಿಂದ ಬರುವ ಮಾತಿನಲ್ಲಿ ಮರ್ಯಾದೆ ಇರುತ್ತದೆ, ದಾಕ್ಷಿಣ್ಯ ಇರುತ್ತದೆ. ಕೈಗೆ ದಾಕ್ಷಿಣ್ಯ ಗೊತ್ತಿಲ್ಲ. ಒಂದು ಚಿತ್ರದ ಅಂಚು ಹಿಡಿದು ತಿರುವಲು ಹೊರಟ ಕೈ ಅಲ್ಲೇ ನಿಲ್ಲುತ್ತದೆ. ಐದು ಚಿತ್ರ ದಾಟಿದ ಮೇಲೆ ಹಿಂದಕ್ಕೆ ಬಂದು ಒಂದನ್ನು ಎಳೆದು ಪಕ್ಕಕ್ಕಿಡುತ್ತದೆ. ನೀವು ಆರು ತಿಂಗಳು ಒದ್ದಾಡಿ ತೆಗೆದ ಚಿತ್ರದ ಮೇಲೆ ಒಂದು ಕ್ಷಣವೂ ನಿಲ್ಲದೆ ಮುಂದೆ ಹೋಗುತ್ತದೆ. ನೀವು ಅಲ್ಲಿಗೆ ಹೋಗಿರುವುದೇ ಇದನ್ನು ನೋಡಲು. ಮನೆಯಲ್ಲಿ ಒಬ್ಬರೇ ಕೂತರೆ ಇದು ಸಿಗುವುದಿಲ್ಲ.

ಮಾತಿಲ್ಲದ ರಿವ್ಯೂ ಒಂದರ ಕಥೆ ಹೇಳುತ್ತೇನೆ. 1933ರಲ್ಲಿ ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ತಮ್ಮ ಪ್ರಿಂಟುಗಳನ್ನು ಹೊತ್ತು ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರ ಗ್ಯಾಲರಿಗೆ ಹೋದರು. ಆಡಮ್ಸ್‌ಗೆ ಆಗ 31 ವರ್ಷ. ಸ್ಟೀಗ್ಲಿಟ್ಸ್ 70ರ ಹತ್ತಿರದವರು, ಅಮೆರಿಕದ ಛಾಯಾಚಿತ್ರ ಜಗತ್ತಿನ ಹಿರಿಯಜ್ಜ. ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಸ್ಟೀಗ್ಲಿಟ್ಸ್ ಕೂತರು. ಆಡಮ್ಸ್ ಕೂತದ್ದು ಕೋಣೆ ಬಿಸಿಮಾಡುವ ರೇಡಿಯೇಟರಿನ ಮೇಲೆ. ಸ್ಟೀಗ್ಲಿಟ್ಸ್ ಒಂದೊಂದೇ ಪ್ರಿಂಟ್ ತೆಗೆದು ನಿಧಾನವಾಗಿ ನೋಡಿದರು, ಎಲ್ಲ ಮುಗಿಸಿ ಕಟ್ಟು ಕಟ್ಟಿಟ್ಟರು. ಒಂದು ಮಾತಿಲ್ಲ. ಆಡಮ್ಸ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಕಟ್ಟು ಬಿಚ್ಚಿ ಮೊದಲಿನಿಂದ ಎಲ್ಲವನ್ನೂ ಇನ್ನೊಮ್ಮೆ ನೋಡಿದರು. ಆಮೇಲೆ ಬಂದ ಮೆಚ್ಚುಗೆಯ ಮಾತನ್ನು ಆಡಮ್ಸ್ ಜೀವನಪೂರ್ತಿ ಹೇಳಿಕೊಂಡರು. ನನಗೆ ಆ ಮೆಚ್ಚುಗೆಗಿಂತ ಎರಡನೆಯ ಸಲ ಕಟ್ಟು ಬಿಚ್ಚಿದ್ದು ದೊಡ್ಡದಾಗಿ ಕಾಣುತ್ತದೆ. ಅದೇ ಉತ್ತರ, ಮಾತು ಬಂದದ್ದು ಆಮೇಲೆ. ಆ ಗ್ಯಾಲರಿಯಲ್ಲಿ ಆಡಮ್ಸ್ ಅವರ ಪ್ರದರ್ಶನ ಆದದ್ದು ಮೂರು ವರ್ಷ ಕಳೆದು, 1936ರಲ್ಲಿ. ಈ ಮೂರು ವರ್ಷವನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಆ ಕಾಲದಲ್ಲಿ ಇಂಥ ಭೇಟಿಗೆ ಪರಿಚಯ ಬೇಕಿತ್ತು, ಇಲ್ಲವೇ ಬಾಗಿಲು ತಟ್ಟುವ ಧೈರ್ಯ ಬೇಕಿತ್ತು. ಅದನ್ನು ಎಲ್ಲರಿಗೂ ತೆರೆದದ್ದು ಛಾಯಾಚಿತ್ರ ಉತ್ಸವಗಳು. ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ 1970ರಿಂದ ನಡೆಯುತ್ತಿರುವ ಉತ್ಸವಕ್ಕೆ ಜಗತ್ತಿನ ಮೂಲೆಮೂಲೆಯಿಂದ ಫೋಟೊಗ್ರಾಫರುಗಳು ಚಿತ್ರ ಹೊತ್ತು ಬರುತ್ತಾರೆ. ಅದನ್ನು ಕಣ್ಣಾರೆ ಕಂಡು ಹೋದ ಫ್ರೆಡ್ ಬಾಲ್ಡ್‌ವಿನ್ ಮತ್ತು ವೆಂಡಿ ವಾಟ್ರಿಸ್ ದಂಪತಿ 1983ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಫೋಟೊಫೆಸ್ಟ್ ಕಟ್ಟಿದರು, 1986ರಲ್ಲಿ ಅದರ ಮೊದಲ ದ್ವೈವಾರ್ಷಿಕ ಉತ್ಸವ ನಡೆಯಿತು. ಇಂಥ ಹೆಸರಿಗೆ ಇಂಥ ಮೇಜು, ಇಷ್ಟು ನಿಮಿಷ ಅಂತ ವ್ಯವಸ್ಥೆಯಾಗಿ ಕೂರಿಸಿದ್ದರಲ್ಲಿ ಹ್ಯೂಸ್ಟನ್ನಿನ ಪಾಲು ದೊಡ್ಡದು. ಇವತ್ತು ಎಷ್ಟೋ ದೇಶಗಳಲ್ಲಿ ನಡೆಯುವ ರಿವ್ಯೂಗಳು ಅದೇ ಅಚ್ಚಿನವು.

ಸರಿ, ಪೆಟ್ಟಿಗೆಯೊಳಗೆ ಏನಿರಬೇಕು? ಎಷ್ಟು ಚಿತ್ರ? ಎಲ್ಲರೂ ಮೊದಲು ಕೇಳುವುದು ಇದನ್ನೇ. 15ರಿಂದ 20 ಸಾಕು. 20 ನಿಮಿಷದಲ್ಲಿ 20 ಚಿತ್ರ ನೋಡಿದರೂ ತಲಾ ಒಂದು ನಿಮಿಷ ಆಯಿತು, ಮಾತಿಗೆ ಸಮಯವೇ ಉಳಿಯಲಿಲ್ಲ. ಮೊದಲ ಐದಾರು ನಿಮಿಷದಲ್ಲಿ ಒಂದು ಸುತ್ತು ಪೂರ್ತಿ ನೋಡಿ ಮುಗಿಯಬೇಕು, ಉಳಿದದ್ದು ಮಾತಿಗೆ ಬೇಕು.

ಕಡಿಮೆ ಮಾಡುವುದು ಎಷ್ಟು ಸಂಕಟ ಅನ್ನುವುದು ನನಗೆ ಗೊತ್ತು. ಫೋಟೊಗ್ರಾಫರ್ ರಾಬರ್ಟ್ ಫ್ರಾಂಕ್ 1955 ಮತ್ತು 56ರಲ್ಲಿ ಅಮೆರಿಕವನ್ನು ಸುತ್ತಿ ತೆಗೆದ ಫ್ರೇಮುಗಳು 27,000ಕ್ಕೂ ಹೆಚ್ಚು. ಅದರಲ್ಲಿ ಸುಮಾರು ಸಾವಿರವನ್ನು ಪ್ರಿಂಟ್ ಮಾಡಿ ಗೋಡೆಗೆ ಹಚ್ಚಿ, ನೆಲದ ಮೇಲೆ ಹರಡಿ, ತಿಂಗಳುಗಟ್ಟಲೆ ನೋಡಿದರು. ಕೊನೆಗೆ ಆ ಚಿತ್ರಗಳ ಪುಸ್ತಕದಲ್ಲಿ ಉಳಿದದ್ದು 83. ಮುನ್ನೂರಕ್ಕೆ ಒಂದು ಅನ್ನಿ. ನೀವು 600 ಚಿತ್ರದಲ್ಲಿ 20 ಆರಿಸಲು ಆಗುವುದಿಲ್ಲ ಅಂತ ನನ್ನ ಹತ್ತಿರ ಹೇಳಿದಾಗ ಈ ಲೆಕ್ಕ ನೆನಪಿಗೆ ಬರುತ್ತದೆ.

ಹೇಗೆ ಆರಿಸುವುದು? ಕಂಪ್ಯೂಟರಿನ ಪರದೆಯ ಮೇಲೆ ಬೇಡ. ಚಿಕ್ಕ ಚಿಕ್ಕ ಪ್ರಿಂಟ್ ಹಾಕಿಸಿ, ಅಂಗೈ ಅಗಲದ್ದಾದರೂ ಸಾಕು, ಸಾಧಾರಣ ಕಾಗದವಾದರೂ ಸಾಕು. ನೆಲದ ಮೇಲೆ ಹರಡಿ. ನಿಂತು ನೋಡಿ, ಕೂತು ನೋಡಿ. ಮೊದಲು ಒಂದೇ ಮಾತು ಹೇಳುವ ಜೋಡಿಗಳನ್ನು ಹುಡುಕಿ. ಕಿಟಕಿಯ ಪಕ್ಕ ಕೂತ ಮುದುಕ ಒಂದು ಚಿತ್ರದಲ್ಲಿ, ಬಾಗಿಲ ಪಕ್ಕ ಕೂತ ಅದೇ ಮುದುಕ ಇನ್ನೊಂದರಲ್ಲಿ, ಬೆಳಕು ಒಂದೇ, ದಣಿವು ಒಂದೇ. ಒಂದು ಹೋಗಬೇಕು. ಇದರಲ್ಲೇ ಅರ್ಧ ಕರಗುತ್ತದೆ. ಆಮೇಲೆ ಬರುವುದು ಕಷ್ಟದ ಸುತ್ತು: ಚಿತ್ರಕ್ಕಾಗಿ ಇಟ್ಟುಕೊಂಡಿದ್ದೇನೋ, ಅದನ್ನು ತೆಗೆಯಲು ಪಟ್ಟ ಪಾಡಿಗಾಗಿ ಇಟ್ಟುಕೊಂಡಿದ್ದೇನೋ? ಮಳೆಯಲ್ಲಿ ನೆನೆದೆ, ಮೂರು ಸಲ ಹೋದೆ, ಒಳಗೆ ಬಿಡಲಿಲ್ಲ, ಕೊನೆಗೆ ಸಿಕ್ಕಿತು. ಆ ಮಳೆ ನಿಮ್ಮ ಮೈಮೇಲೆ ಬಿದ್ದದ್ದು, ಚಿತ್ರದಲ್ಲಿ ಬಿದ್ದಿಲ್ಲ. ಅದನ್ನು ಎತ್ತಿ ಪಕ್ಕಕ್ಕಿಡಬೇಕು.

ಮದುವೆಯ ಚಿತ್ರ ಐದು, ಹಕ್ಕಿ ಐದು, ರಸ್ತೆ ಐದು, ಬೆಟ್ಟದ ಮೇಲಿನ ಸೂರ್ಯಾಸ್ತ ಮೂರು ಅಂತ ಎಲ್ಲದರ ಸ್ವಲ್ಪ ಸ್ವಲ್ಪ ತರುವವರು ತುಂಬ ಜನ. ನನಗೆ ಎಲ್ಲವೂ ಬರುತ್ತದೆ ಅಂತ ತೋರಿಸುವ ಆಸೆ ಅದು, ಅರ್ಥವಾಗುತ್ತದೆ. ಆದರೆ ಎದುರಿಗೆ ಕೂತವರಿಗೆ ನೀವು ಯಾರು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಒಂದು ಸೀರೀಸ್ ತನ್ನಿ, ಅಂದರೆ ಒಂದೇ ವಿಷಯ ಹಿಡಿದು ತೆಗೆದ ಚಿತ್ರಗಳ ಸಾಲು. ಹೆಚ್ಚೆಂದರೆ ಎರಡು, ಎರಡನೆಯದನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಕೇಳಿದರೆ ಮಾತ್ರ ತೆರೆಯಿರಿ. ಕೆಲಸ ಮುಗಿದಿರಲೇಬೇಕು ಅಂತಿಲ್ಲ. ಅರ್ಧದಲ್ಲಿರುವ ಕೆಲಸಕ್ಕೆ ಸಿಗುವ ಸಲಹೆಗೆ ಬೆಲೆ ಹೆಚ್ಚು, ಇನ್ನೂ ತಿದ್ದಬಹುದಲ್ಲ.

ಇಲ್ಲಿ ಒಬ್ಬ ಯುವತಿಯ ವಿಷಯ ಹೇಳಬೇಕು. ಆಕೆ ನನ್ನ ಮೇಜಿಗೆ 22 ಚಿತ್ರ ತಂದಿದ್ದರು. ಅವರ ಅಮ್ಮನಿಗೆ ಮರೆವಿನ ಕಾಯಿಲೆ. ಮೂರು ವರ್ಷ ಅಮ್ಮನ ಜೊತೆಗಿದ್ದು ತೆಗೆದ ಚಿತ್ರಗಳು. ಮೊದಲನೆಯದು ಅಮ್ಮನ ಮುಖ, ಹತ್ತಿರದಿಂದ, ಕಣ್ಣಲ್ಲಿ ನೀರು. ಎರಡನೆಯದು ಮುಖ, ಮೂರನೆಯದೂ ಮುಖ. ತಂತ್ರದ ಮಟ್ಟಿಗೆ ಒಂದರಲ್ಲೂ ತಪ್ಪಿರಲಿಲ್ಲ. ಆದರೆ ನಾಲ್ಕನೆಯದಕ್ಕೆ ಬರುವಾಗ ನನ್ನ ಕೈ ವೇಗ ಹೆಚ್ಚಿಸಿಕೊಂಡಿತ್ತು, ಅದು ನನಗೇ ಗೊತ್ತಾಯಿತು. ಹತ್ತೊಂಬತ್ತನೆಯದರಲ್ಲಿ ಕೈ ನಿಂತಿತು. ಕಿಟಕಿಯ ಅಂಚಿನ ಮೇಲೆ ಒಂದು ಬಾಚಣಿಗೆ. ಹಲ್ಲುಗಳ ನಡುವೆ ಎರಡು ಬಣ್ಣದ ಕೂದಲು: ಬೆಳ್ಳಗಿನ ಎಳೆಗಳ ಸುತ್ತ ಉದ್ದನೆಯ ಕಪ್ಪು ಎಳೆಯೊಂದು ಸುತ್ತಿಕೊಂಡಿತ್ತು. ಒಂದೇ ಬಾಚಣಿಗೆಯಲ್ಲಿ ಅಮ್ಮ ಮಗಳು ಇಬ್ಬರೂ ತಲೆ ಬಾಚಿಕೊಳ್ಳುತ್ತಾರೆ. ಒಂದು ಹಲ್ಲು ಮುರಿದಿತ್ತು. ನಾನು ತುಂಬ ಹೊತ್ತು ನೋಡಿದೆ. ಆಕೆ, “ಸರ್, ಅದು ಸುಮ್ಮನೆ, ಲೆಕ್ಕಕ್ಕೆ ಹಾಕಿದ್ದು” ಅಂದರು.

ಮೂರು ವರ್ಷದ ಕೆಲಸದ ಜೀವ ಆ ಬಾಚಣಿಗೆಯಲ್ಲಿತ್ತು. ತೆಗೆದವರಿಗೆ ಗೊತ್ತಿರಲಿಲ್ಲ. ಅದು ಅವರ ತಪ್ಪಲ್ಲ, ತೆಗೆದವರಿಗೆ ಗೊತ್ತಾಗುವುದು ಬಹಳ ಕಷ್ಟ. ಮನೆಯಲ್ಲಿ ಅವರು ಅಳುವ ಅಮ್ಮನನ್ನು ಕಂಡಿದ್ದಾರೆ. ಮುಖದ ಚಿತ್ರ ನೋಡಿದಾಗಲೆಲ್ಲ ಆ ದಿನ ಪೂರ್ತಿ ಎದುರಿಗೆ ಬರುತ್ತದೆ. ನನಗೆ ಆ ದಿನ ಇಲ್ಲ. ನನಗಿರುವುದು ಕಾಗದದ ಮೇಲೆ ಬಂದಿರುವುದಷ್ಟೇ. ಇನ್ನೊಬ್ಬರ ಕಣ್ಣು ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ. ಆಕೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನು, ಎದುರಿಗೆ ಯಾರು ಕೂತಿರಬೇಕು ಅನ್ನುವುದು. ಉತ್ಸವದವರು ರಿವ್ಯೂವರ್‌ಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ, ನಿಮಗೆ ಬೇಕಾದವರನ್ನು ಆದ್ಯತೆಯ ಕ್ರಮದಲ್ಲಿ ಬರೆದುಕೊಡಿ ಅನ್ನುತ್ತಾರೆ. ಹೆಚ್ಚಿನವರು ದೊಡ್ಡ ಸಂಸ್ಥೆಯ ಹೆಸರು ನೋಡಿ ಟಿಕ್ ಹಾಕುತ್ತಾರೆ. ಒಂದು ಸಂಜೆ ಕೂತು ಆ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಹಿಂದೆ ಯಾವ ಕೆಲಸ ಪ್ರಕಟಿಸಿದ್ದಾರೆ, ಯಾವ ಪ್ರದರ್ಶನ ಮಾಡಿದ್ದಾರೆ ಅಂತ ನೋಡಿ. ಪತ್ರಿಕೆಯ ಫೋಟೊ ಎಡಿಟರ್ ನಿಮ್ಮ ಚಿತ್ರ ನೋಡುವಾಗ ಮನಸ್ಸಿನಲ್ಲಿ ಬೇರೊಂದು ಲೆಕ್ಕ ಹಾಕುತ್ತಿರುತ್ತಾರೆ: ನಾಳೆ ಬೆಳಗ್ಗೆ ಈ ವ್ಯಕ್ತಿಯನ್ನು ಗುರುತು ಪರಿಚಯ ಇಲ್ಲದ ಜಾಗಕ್ಕೆ ಕಳಿಸಿದರೆ ಸಂಜೆಗೆ ಚಿತ್ರ ಬರುತ್ತದೆಯೇ, ಕ್ಯಾಪ್ಷನ್ ಸರಿಯಾಗಿರುತ್ತದೆಯೇ, ಹೆಸರಿನ ಕಾಗುಣಿತ ಕೇಳಿ ಬರೆದುಕೊಂಡಿರುತ್ತಾರೆಯೇ. ಅವರಿಗೆ ನಿಮ್ಮ ಒಂದು ಪೋರ್ಟ್ರೇಟ್, ಒಂದು ಒಳಾಂಗಣದ ಚಿತ್ರ, ಒಂದು ಓಡಾಟದ ಚಿತ್ರ ಕಂಡರೆ ಧೈರ್ಯ ಬರುತ್ತದೆ. ಗ್ಯಾಲರಿಯವರಿಗೆ ಪ್ರಿಂಟಿನ ಅಳತೆ, ಎಷ್ಟು ಪ್ರತಿಯ ಎಡಿಷನ್ (ಒಂದು ಚಿತ್ರದ ಒಟ್ಟು ಎಷ್ಟು ಪ್ರಿಂಟ್ ಮಾತ್ರ ಮಾಡುತ್ತೀರಿ), ಯಾವ ಕಾಗದ ಅನ್ನುವುದು ಮುಖ್ಯ. ಅವರು ಕೇಳಿದಾಗ “ಇನ್ನೂ ಯೋಚಿಸಿಲ್ಲ” ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಪುಸ್ತಕದ ಪ್ರಕಾಶಕರ ಮುಂದೆ ಬಿಡಿ ಪ್ರಿಂಟಿಗಿಂತ ಕೈಯಾರೆ ಹೊಲಿದ ಒಂದು ಡಮ್ಮಿ, ಅಂದರೆ ಮಾದರಿ ಪುಸ್ತಕ ಇಡಿ, ಪುಟ ತಿರುವುವಾಗ ಏನಾಗುತ್ತದೆ ಅನ್ನುವುದು ಅವರಿಗೆ ಬೇಕು. ಮ್ಯೂಸಿಯಂ ಕ್ಯುರೇಟರ್ ಆ ಮೇಜಿನ ಮೇಲೆ ಯಾವ ಮಾತನ್ನೂ ಕೊಡುವುದಿಲ್ಲ. ಅವರು ವರ್ಷಗಳ ಲೆಕ್ಕದಲ್ಲಿ ಯೋಚಿಸುವವರು. ನಿಮ್ಮ ಹೆಸರು ಅವರ ಟಿಪ್ಪಣಿ ಪುಸ್ತಕದೊಳಗೆ ಹೋದರೆ ಅದು ದೊಡ್ಡದು.

ಅಂದಮೇಲೆ ಎಲ್ಲ ಮೇಜಿಗೂ ಒಂದೇ ಪ್ರಶ್ನೆ ಒಯ್ಯಬಾರದು. ಆದರೆ ಪ್ರಶ್ನೆ ಒಯ್ಯಲೇಬೇಕು. “ಹೇಗಿದೆ ಹೇಳಿ” ಅನ್ನುವುದು ಪ್ರಶ್ನೆಯಲ್ಲ. ಅದಕ್ಕೆ “ಚೆನ್ನಾಗಿದೆ” ಅನ್ನುವ ಉತ್ತರ ಸಿಗುತ್ತದೆ, ಅದರಿಂದ ನಿಮಗೆ ಏನೂ ಸಿಕ್ಕಿದಂತಾಗುವುದಿಲ್ಲ. “ಈ ಸೀರೀಸಿನಲ್ಲಿ ಜನರಿಲ್ಲದ ಚಿತ್ರಗಳು ಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ.” “ಕೊನೆಯ ನಾಲ್ಕು ಚಿತ್ರಗಳು ಬೇರೊಂದು ಕೆಲಸಕ್ಕೆ ಸೇರಿದವು ಅನ್ನಿಸುತ್ತಿದೆ, ನಿಮಗೂ ಹಾಗೆ ಅನ್ನಿಸುತ್ತದೆಯೇ?” ಹೀಗೆ ಕೇಳಿದರೆ ಎದುರಿನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾರೆ. ಅವರಿಗೂ ದಿನವಿಡೀ ಹತ್ತಾರು ಜನರನ್ನು ನೋಡಿ ದಣಿವಾಗಿರುತ್ತದೆ, ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದವರು ಅವರ ನೆನಪಿನಲ್ಲಿ ಉಳಿಯುತ್ತಾರೆ.

ಪರಿಚಯ ಹೇಳಲು ಎರಡು ವಾಕ್ಯ ಸಾಕು. ಯಾರು, ಯಾವ ಕೆಲಸ. ಆಮೇಲೆ ಪೆಟ್ಟಿಗೆ ತೆರೆದು ಸುಮ್ಮನಿರಿ. ಮೊದಲ ಸುತ್ತಿನಲ್ಲಿ ಒಂದು ಮಾತೂ ಬೇಡ. ಆ ಐದು ನಿಮಿಷದ ಮೌನ ತುಂಬ ಉದ್ದ ಅನ್ನಿಸುತ್ತದೆ, ಗಂಟಲು ಒಣಗುತ್ತದೆ. ಆ ಹೊತ್ತಿನಲ್ಲಿ ಕೈ ನೋಡಿ. ಪ್ರತಿ ಪ್ರಿಂಟಿನ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ನಂಬರ್ ಹಾಕಿಟ್ಟುಕೊಂಡಿದ್ದರೆ, ಎಲ್ಲಿ ಕೈ ನಿಂತಿತೋ ಆ ನಂಬರ್ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬಹುದು. ಮಾತು ಬರೆದುಕೊಳ್ಳಲು ಸಾಧ್ಯವಾಗದಿದ್ದರೆ ಕೇಳಿಯೇ ರೆಕಾರ್ಡ್ ಮಾಡಿ, ಹೆಚ್ಚಿನವರು ಒಪ್ಪುತ್ತಾರೆ. ಕೇಳದೆ ಮಾಡಬೇಡಿ.

ಕಟುವಾದ ಮಾತು ಬಂದರೆ? ಬರುತ್ತದೆ. ಫೋಟೊಗ್ರಾಫರ್ ಪಾಲ್ ಸ್ಟ್ರ್ಯಾಂಡ್ ಎಳೆಯ ವಯಸ್ಸಿನಲ್ಲಿ ಇದೇ ಸ್ಟೀಗ್ಲಿಟ್ಸ್ ಹತ್ತಿರ ಚಿತ್ರ ತೆಗೆದುಕೊಂಡು ಹೋಗುತ್ತಿದ್ದರು. ಆಗ ಸಾಫ್ಟ್ ಫೋಕಸ್ ಲೆನ್ಸಿನ ಕಾಲ. ಎಲ್ಲವೂ ಮಂಜಿನಲ್ಲಿ ಅದ್ದಿದ ಹಾಗೆ ಕಾಣುವುದೇ ಕಲೆ ಅಂತ ನಂಬಿದ್ದ ಕಾಲ. ಈ ಲೆನ್ಸಿನಲ್ಲಿ ಹುಲ್ಲು, ನೀರು, ಮರದ ತೊಗಟೆ ಎಲ್ಲವೂ ಒಂದೇ ವಸ್ತುವಿನಿಂದ ಮಾಡಿದ ಹಾಗೆ ಕಾಣುತ್ತವೆ, ಪ್ರತಿಯೊಂದರ ಸ್ವಂತ ಗುಣ ಅಳಿಸಿಹೋಗುತ್ತದೆ ಅನ್ನುವುದು ಸ್ಟೀಗ್ಲಿಟ್ಸ್ ಹೇಳಿದ್ದರ ಸಾರ. ಆ ಮಾತನ್ನು ಗಮನಿಸಿ. ಅದರಲ್ಲಿ ಸ್ಟ್ರ್ಯಾಂಡ್ ಎಂಥ ಕಲಾವಿದ ಅನ್ನುವ ತೀರ್ಪಿಲ್ಲ. ಹುಲ್ಲು ಮತ್ತು ನೀರಿನ ಮಾತಿದೆ, ಲೆನ್ಸಿನ ಮಾತಿದೆ. ಸ್ಟ್ರ್ಯಾಂಡ್ ಹೋಗಿ ಅದರ ಮೇಲೆ ಕೆಲಸ ಮಾಡಿದರು, 1915ರಲ್ಲಿ ಹೊಸ ಚಿತ್ರಗಳೊಂದಿಗೆ ಬಂದರು. 1916ರಲ್ಲಿ ಸ್ಟೀಗ್ಲಿಟ್ಸ್ ತಮ್ಮ ಗ್ಯಾಲರಿಯಲ್ಲಿ ಅವರ ಪ್ರದರ್ಶನ ಮಾಡಿದರು, ತಾವು ನಡೆಸುತ್ತಿದ್ದ ಪತ್ರಿಕೆಯ 1917ರ ಕೊನೆಯ ಸಂಚಿಕೆಯ ಚಿತ್ರಗಳನ್ನೆಲ್ಲ ಸ್ಟ್ರ್ಯಾಂಡ್‌ಗೆ ಬಿಟ್ಟುಕೊಟ್ಟರು.

ಕಟು ಮಾತು ಬಂದಾಗ ಅದರಲ್ಲಿ ಹುಲ್ಲು ನೀರು ಇದೆಯೇ ನೋಡಿ. ಇದ್ದರೆ ಎಷ್ಟು ನೋವಾದರೂ ಕಣ್ಣಿಗೊತ್ತಿಕೊಂಡು ಮನೆಗೆ ತನ್ನಿ. “ನಿಮ್ಮಲ್ಲಿ ಕಣ್ಣೇ ಇಲ್ಲ” ಅನ್ನುವಂಥ ಮಾತು ಬಂದರೆ ಅದನ್ನು ಆ ಮೇಜಿನ ಮೇಲೇ ಬಿಟ್ಟು ಬನ್ನಿ. ಅದರಿಂದ ಮಾಡುವ ಕೆಲಸ ಏನೂ ಇಲ್ಲ. ರಿವ್ಯೂವರ್ ಆಗಿ ಕೂತವರಿಗೂ ಇದನ್ನು ಹೇಳಲೇಬೇಕು, ಈ ಸಭೆಯಲ್ಲಿ ಅಂಥವರೂ ಇದ್ದೀರಿ. ಆ ಕುರ್ಚಿಗೆ ಅಧಿಕಾರ ಇದೆ. ಎದುರಿಗೆ ಕೂತವರು ಸಾಲ ಮಾಡಿ ಬಂದಿರಬಹುದು, ಕೆಲಸಕ್ಕೆ ರಜೆ ಹಾಕಿ ಬಂದಿರಬಹುದು. ಒಂದು ಚಿತ್ರದ ಹೆಸರು ಹಿಡಿದು ಹೇಳಲಾಗದ ಟೀಕೆಯನ್ನು ಅವರ ಮುಂದೆ ಇಡುವ ಹಕ್ಕು ನಮಗಿಲ್ಲ.

ಇನ್ನೊಂದು ಗೊಂದಲ ಎಲ್ಲರಿಗೂ ಆಗುತ್ತದೆ. ಬೆಳಗ್ಗೆ ಒಬ್ಬರು ಏಳನೆಯ ಚಿತ್ರ ತೆಗೆದುಹಾಕಿ ಅನ್ನುತ್ತಾರೆ. ಮಧ್ಯಾಹ್ನ ಇನ್ನೊಬ್ಬರು ಅದೇ ಏಳನೆಯದನ್ನು ಎತ್ತಿ ಹಿಡಿದು, ಇಡೀ ಕೆಲಸ ಇಲ್ಲಿಂದ ಶುರುವಾಗಬೇಕು ಅನ್ನುತ್ತಾರೆ. ಯಾರನ್ನು ನಂಬುವುದು? ನನ್ನ ಅನುಭವದಲ್ಲಿ, ಮೂರು ಜನ ಬೇರೆ ಬೇರೆ ಮೇಜಿನಲ್ಲಿ ಒಂದೇ ಚಿತ್ರವನ್ನು ನೋಡದೆ ದಾಟಿದರೆ ಆ ಚಿತ್ರ ಹೋಗಬೇಕು, ಅದರಲ್ಲಿ ಅನುಮಾನ ಬೇಡ. ಆದರೆ ಒಂದೇ ಚಿತ್ರದ ಬಗ್ಗೆ ಇಬ್ಬರು ಜಗಳಕ್ಕೆ ಬಿದ್ದ ಹಾಗೆ ಮಾತಾಡಿದರೆ ಆ ಚಿತ್ರದಲ್ಲಿ ಏನೋ ಇದೆ. ಇಬ್ಬರ ಕೈಯೂ ಅಲ್ಲಿ ನಿಂತಿದೆಯಲ್ಲ! ಅದನ್ನು ಆತುರದಲ್ಲಿ ತೆಗೆಯಬೇಡಿ. ರಿವ್ಯೂ ಮುಗಿದ ಮೇಲೆ ಎರಡು ವಾರ ಪೆಟ್ಟಿಗೆ ಮುಚ್ಚಿಡಿ. ಮಾತುಗಳ ಬಿಸಿ ಆರಲಿ. ಆಮೇಲೆ ನೋಟ್‌ಬುಕ್ ತೆರೆದು ನಂಬರ್ ಎಣಿಸಿ.

ಪ್ರಿಂಟೋ ಪರದೆಯೋ ಅಂತ ಕೇಳಿದರೆ, ಸಾಧ್ಯವಾದರೆ ಪ್ರಿಂಟ್. 8×10 ಅಥವಾ 11×14 ಇಂಚು ಮೇಜಿನ ಮೇಲೆ ಹರಡಲು ಅನುಕೂಲ. ಹೊಳಪಿನ ಕಾಗದ ಬೇಡ, ತಲೆಯ ಮೇಲಿನ ದೀಪವೆಲ್ಲ ಅದರಲ್ಲೇ ಕಾಣುತ್ತದೆ. ಮ್ಯಾಟ್ ಕಾಗದ ಸಾಕು. ಪ್ಲಾಸ್ಟಿಕ್ ಹಾಳೆಯೊಳಗೆ ತೂರಿಸಿದ ಚಿತ್ರಗಳಲ್ಲಿ ಅನುಕ್ರಮ ಬದಲಿಸಲು ಆಗುವುದಿಲ್ಲ. ಬಿಡಿ ಪ್ರಿಂಟಾದರೆ ಎದುರಿನವರೇ ಎರಡು ಚಿತ್ರ ಅಕ್ಕಪಕ್ಕ ಇಟ್ಟು ನಿಮಗೆ ತೋರಿಸುತ್ತಾರೆ. ನನ್ನ ಕೆಲಸದಲ್ಲಿ ನಾನು ಕಲಿತ ಅತಿ ದೊಡ್ಡ ಪಾಠಗಳು ಹಾಗೆ ಅಕ್ಕಪಕ್ಕ ಬಂದು ಕೂತ ಚಿತ್ರಗಳಿಂದಲೇ ಬಂದವು. ಪ್ರಿಂಟಿಗೆ ಹಣ ಇಲ್ಲದಿದ್ದರೆ ಟ್ಯಾಬ್ಲೆಟ್ ತನ್ನಿ, ಯಾರೂ ಕೀಳಾಗಿ ನೋಡುವುದಿಲ್ಲ. ಚಾರ್ಜ್ ಪೂರ್ತಿ ಇರಲಿ, ಚಿತ್ರಗಳು ಅದರೊಳಗೇ ಇರಲಿ, ಇಂಟರ್‌ನೆಟ್ ನಂಬಬೇಡಿ. ಫೋನಿನಲ್ಲಿ ತೋರಿಸುವುದು ಮಾತ್ರ ಬೇಡ. ಜೊತೆಗೆ, ಎದುರಿನವರ ಕೈಯಲ್ಲಿ ಬಿಟ್ಟು ಬರಲು ಒಂದು ಕಾರ್ಡ್: ಒಂದು ಕಡೆ ನಿಮ್ಮ ಒಂದೇ ಒಂದು ಚಿತ್ರ, ಇನ್ನೊಂದು ಕಡೆ ಹೆಸರು, ಇ-ಮೇಲ್, ವೆಬ್‌ಸೈಟ್. ಅರ್ಧ ಪುಟದ ಟಿಪ್ಪಣಿ, ನೀವು ಮನೆಯಲ್ಲಿ ಮಾತಾಡುವ ಹಾಗೆ ಬರೆದದ್ದು. ಅಸ್ತಿತ್ವ, ಅನನ್ಯತೆ, ಶೋಧ ಅಂತೆಲ್ಲ ದೊಡ್ಡ ಪದ ತುಂಬಿದ ಟಿಪ್ಪಣಿ ಓದಿದ ಮೇಲೆ ಚಿತ್ರವೂ ಮಂಕಾಗಿ ಕಾಣುತ್ತದೆ.

ಒಂದು ಪ್ರಶ್ನೆಗೆ ಮೊದಲೇ ಸಿದ್ಧರಾಗಿ ಹೋಗಿ, ನಾನಂತೂ ಅದನ್ನು ಕೇಳದೆ ಬಿಡುವುದಿಲ್ಲ. ಈ ಚಿತ್ರದಲ್ಲಿರುವವರಿಗೆ ಇದು ಎಲ್ಲೆಲ್ಲಿ ತೋರಿಸಲ್ಪಡುತ್ತಿದೆ ಅನ್ನುವುದು ಗೊತ್ತಿದೆಯೇ? ಮಕ್ಕಳು, ಕಾಯಿಲೆಯವರು, ಮನೆ ಕಳೆದುಕೊಂಡವರು ಇದ್ದರೆ ಇನ್ನೂ ಗಟ್ಟಿಯಾಗಿ ಕೇಳುತ್ತೇನೆ. ಬಾಚಣಿಗೆಯ ಚಿತ್ರ ತೆಗೆದ ಆಕೆಯನ್ನೂ ಕೇಳಿದೆ. ಅಮ್ಮನಿಗೆ ನೆನಪು ಸರಿಯಿದ್ದ ಮೊದಲ ವರ್ಷವೇ ಕೇಳಿದ್ದೆ, ಈಗ ಅಮ್ಮನಿಗೆ ಆ ಮಾತು ನೆನಪಿಲ್ಲ, ಅದಕ್ಕೇ ಪ್ರತಿ ಸಲ ಹೊಸದಾಗಿ ಕೇಳುತ್ತೇನೆ, ಬೇಡ ಅಂದ ದಿನ ಕ್ಯಾಮೆರಾ ಮುಟ್ಟುವುದಿಲ್ಲ ಅಂದರು. ಆ ಉತ್ತರ ಕೇಳಿದ ಮೇಲೆ ಆ ಕೆಲಸದ ಬಗ್ಗೆ ನನಗಿದ್ದ ಗೌರವ ದುಪ್ಪಟ್ಟಾಯಿತು.

ಹಣದ ವಿಷಯ ಬಿಚ್ಚಿ ಹೇಳುತ್ತೇನೆ, ಇದನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ಅನೇಕ ರಿವ್ಯೂಗಳಿಗೆ ಶುಲ್ಕ ಇದೆ, ಜೊತೆಗೆ ಪ್ರಯಾಣ, ವಸತಿ, ಪ್ರಿಂಟಿನ ಖರ್ಚು. ಹಣ ಇದ್ದವರಿಗೆ ಮಾತ್ರ ಈ ಮೇಜು ಅನ್ನುವ ಆಪಾದನೆಯಲ್ಲಿ ನಿಜ ಇದೆ, ನನಗೂ ಅದು ನೋವಿನ ವಿಷಯ. ಶುಲ್ಕ ಇಲ್ಲದವೂ ಇವೆ. ನ್ಯೂಯಾರ್ಕ್ ಟೈಮ್ಸ್ 2013ರಲ್ಲಿ ಶುರುಮಾಡಿದ ರಿವ್ಯೂ ಉಚಿತವಾಗಿತ್ತು, ಅರ್ಜಿ ಹಾಕಿ ಆಯ್ಕೆಯಾಗಬೇಕಿತ್ತು ಅಷ್ಟೆ. ವಿದ್ಯಾರ್ಥಿವೇತನ, ರಿಯಾಯಿತಿ ಇದೆಯೇ ಅಂತ ಕೇಳಲು ಸಂಕೋಚ ಬೇಡ. ಶುಲ್ಕ ಕೊಡುವುದಾದರೆ ಪಟ್ಟಿಯಲ್ಲಿರುವವರು ಈಗಲೂ ಆ ಹುದ್ದೆಯಲ್ಲಿದ್ದಾರೆಯೇ, ಒಬ್ಬರ ಜೊತೆ ಎಷ್ಟು ನಿಮಿಷ, ಇಷ್ಟು ಭೇಟಿ ಖಚಿತವೇ ಅಂತ ವಿಚಾರಿಸಿ. ದುಡ್ಡು ಕಟ್ಟಿದವರಿಗೆಲ್ಲ ಪ್ರದರ್ಶನ ಅಂತ ಆಸೆ ತೋರಿಸುವ ಕಡೆಗೆ ಹೋಗಬೇಡಿ. ಚಿತ್ರಗಳ ಹಕ್ಕಿನ ಬಗ್ಗೆ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದದೆ ಸಹಿ ಹಾಕಬೇಡಿ.

ಮೊದಲ ರಿವ್ಯೂಗೆ ಹೋಗಲು ಹಣವೇ ಬೇಕಿಲ್ಲ. ನಾಲ್ಕು ಜನ ಸ್ನೇಹಿತರು ತಿಂಗಳಿಗೊಮ್ಮೆ ಒಂದು ಮೇಜಿನ ಸುತ್ತ ಸೇರಿ. ಒಬ್ಬರು ಚಿತ್ರ ಹರಡಲಿ, ಹತ್ತು ನಿಮಿಷ ಬಾಯಿ ಮುಚ್ಚಿ ಕೂರಲಿ. ಉಳಿದವರು ತಮಗೆ ಕಂಡದ್ದನ್ನು ಹೇಳಲಿ. ತೆಗೆದವರು ಸಮರ್ಥನೆ ಕೊಡಬಾರದು, ಅದೊಂದೇ ನಿಯಮ. ಆರು ತಿಂಗಳು ಹೀಗೆ ಮಾಡಿ ದೊಡ್ಡ ಉತ್ಸವಕ್ಕೆ ಹೋದವರ ಪೆಟ್ಟಿಗೆ ತೆರೆದ ಕೂಡಲೇ ಗೊತ್ತಾಗಿಬಿಡುತ್ತದೆ.

ಆಮೇಲಿನ ಕೆಲಸ. ವಾರದೊಳಗೆ ಒಂದು ಪುಟ್ಟ ಇ-ಮೇಲ್ ಬರೆಯಿರಿ. ಅವರು ಹೇಳಿದ ಒಂದು ಮಾತನ್ನು ನೆನೆದು ಕೃತಜ್ಞತೆ ಹೇಳಿ, ಎರಡು ಮೂರು ಚಿತ್ರ ಚಿಕ್ಕ ಫೈಲಿನಲ್ಲಿ ಸೇರಿಸಿ, ಅವರಿಗೆ ನಿಮ್ಮ ಮುಖ ನೆನಪಾಗಲಿ. ಉತ್ತರ ಬರದಿದ್ದರೆ ಬೇಸರ ಬೇಡ. ಮತ್ತೆ ಬರೆಯುವುದು ಹೊಸ ಕೆಲಸ ಕೈಯಲ್ಲಿದ್ದಾಗ. ಫೋಟೊಗ್ರಾಫರುಗಳೇ ಸೇರಿ ನಡೆಸುವ ಮ್ಯಾಗ್ನಮ್ ಏಜೆನ್ಸಿಗೆ ಆಯ್ಕೆಯಾದವರು ಕೂಡ ಮೊದಲು ನಾಮಿನಿ, ಆಮೇಲೆ ಅಸೋಸಿಯೇಟ್, ಆಮೇಲೆ ಸದಸ್ಯ, ಪ್ರತಿ ಹಂತಕ್ಕೂ ಹೊಸ ಪೋರ್ಟ್‌ಫೋಲಿಯೊ ಇಟ್ಟು ಮತ ಪಡೆಯಬೇಕು. ಆಡಮ್ಸ್ ಅವರ ಮೂರು ವರ್ಷ ನೆನಪಿದೆಯಲ್ಲ? ವಿಲಿಯಂ ಎಗಲ್‌ಸ್ಟನ್ ತಮ್ಮ ಬಣ್ಣದ ಚಿತ್ರಗಳನ್ನು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಛಾಯಾಚಿತ್ರ ವಿಭಾಗದ ಮುಖ್ಯಸ್ಥ ಜಾನ್ ಶಾರ್ಕೋವ್ಸ್ಕಿ ಅವರಿಗೆ ತೋರಿಸಿದ್ದು 1967ರಲ್ಲಿ. ಕಲೆ ಅಂದರೆ ಕಪ್ಪು ಬಿಳುಪು ಅನ್ನುತ್ತಿದ್ದ ಕಾಲ. ಅಲ್ಲಿ ಅವರ ಪ್ರದರ್ಶನ ಆದದ್ದು 1976ರಲ್ಲಿ. ಒಂಬತ್ತು ವರ್ಷ. ಮೇಜಿನಿಂದ ಏಳುವಾಗ ಕೈಗೆ ಕೆಲಸದ ಚೀಟಿ ಸಿಗಲಿಲ್ಲ ಅಂತ ಕಾರಿಡಾರಿನಲ್ಲಿ ಅತ್ತವರನ್ನು ನಾನು ನೋಡಿದ್ದೇನೆ. ಅವರ ಪಕ್ಕ ಕೂತು ಈ ಒಂಬತ್ತು ವರ್ಷದ ಮಾತು ಹೇಳಿದ್ದೇನೆ.

ಬಾಚಣಿಗೆಯ ಆಕೆ ಎರಡು ವರ್ಷದ ನಂತರ ಮತ್ತೆ ನನ್ನ ಮೇಜಿಗೆ ಬಂದರು. ಅದೇ ಪೆಟ್ಟಿಗೆ, ಒಂದು ಮೂಲೆ ಒಡೆದು ಟೇಪ್ ಹಚ್ಚಿತ್ತು. ಒಳಗೆ 14 ಚಿತ್ರ. ಮುಖ ಒಂದೇ ಉಳಿದಿತ್ತು, ಅದೂ ಅರ್ಧ, ಬಾಗಿಲ ಸಂದಿಯಿಂದ ಕಂಡದ್ದು. ಮೊದಲ ಚಿತ್ರ ಬಾಚಣಿಗೆ. ಆಕೆ ಪರಿಚಯವನ್ನೂ ಹೇಳಲಿಲ್ಲ, ಮುಚ್ಚಳ ತೆಗೆದು ನನ್ನ ಕಡೆ ಸರಿಸಿ ಕೈ ಕಟ್ಟಿ ಕೂತರು. ನಾನು ನೋಡುತ್ತಾ ಹೋದೆ. ಎರಡು ಜೊತೆ ಚಪ್ಪಲಿ, ಒಂದರ ಎಡಗಾಲಿನದನ್ನು ಇನ್ನೊಂದರ ಬಲಗಾಲಿನದರ ಪಕ್ಕ ಬಿಟ್ಟಿದ್ದು. ಗೋಡೆಯ ಮೇಲೆ ಕ್ಯಾಲೆಂಡರ್ ತೆಗೆದ ಜಾಗದ ಬಿಳಿ ಚೌಕ. ಒಂಬತ್ತನೆಯದರಲ್ಲಿ ಅಮ್ಮನ ಕೈ, ಮಡಚಿದ ಸೀರೆಯನ್ನು ಮತ್ತೆ ಬಿಚ್ಚುತ್ತಿತ್ತು. ಅದನ್ನು ದಾಟಿ ಹತ್ತನೆಯದು ತೆಗೆದೆ, ಮತ್ತೆ ಒಂಬತ್ತಕ್ಕೆ ಬಂದೆ. ಎದುರಿನಿಂದ ಪೆನ್ಸಿಲ್ ಗೀಚಿದ ಸದ್ದು ಕೇಳಿಸಿತು. ತಲೆ ಎತ್ತಿ ನೋಡಿದರೆ ಆಕೆ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಅಂಕಿ ಬರೆದು, ನನ್ನ ಮುಖ ನೋಡದೆ, ಮತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು.